ಆಯ ಅಳೆಯದೆ ಹೊತ್ತ ರಾಶಿ

ನಮ್ಮೂರಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ ಎರಡಕ್ಕೆ. ಮಧುಗಿರಿ ತಾಲ್ಲೂಕಿನ ಮೂಲೆಯೊಂದರ ಹಳ್ಳಿ ನಮ್ಮದು. ಅಪ್ಪ ಹೆಗಲಿಗೆ ಕಂಬಳಿ ಹಾಕಿ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ದೊಣ್ಣೆ ಹಿಡಿದು ಹೊಲದ ಕಡೆ ಹೊರಡುತ್ತಿದ್ದ. ಅವನು ಹಿಂತಿರುಗುವ ತನಕ ಅವ್ವನ ಕಣ್ಣಿಗೆ ನಿದ್ದೆಯಿಲ್ಲ. ಬದುವಿನಲ್ಲಿ ಹಾವು, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಚೇಳು, ಒದ್ದೆ ನೆಲದ ಮೇಲೆ ಹರಿದುಬಿದ್ದ ತಂತಿ. ಇವುಗಳ ಹೆಸರನ್ನು ಅವಳು ಬಾಯಿಗೆ ತರುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಕರೆಂಟಿಗೆ ಹೋಗವ್ನೆ" ಅನ್ನುತ್ತಿದ್ದಳು, ಕಾಳಗಕ್ಕೆ ಹೋದವನ ಸುದ್ದಿ ಹೇಳುವ ಹಾಗೆ.

ನಮ್ಮ ಶಾಲೆಯ ಗೋಡೆಯ ಮೇಲೆ ಜೋಗದ ಚಿತ್ರವಿತ್ತು. ಕರೆಂಟು ಎಲ್ಲಿಂದ ಬರುತ್ತದೆ ಎಂದು ಮೇಷ್ಟ್ರು ಕೇಳಿದರೆ ಇಡೀ ತರಗತಿ "ಜೋಗದಿಂದ ಸಾ" ಎಂದು ಕೂಗುತ್ತಿತ್ತು. ಜೋಗದಿಂದ ಬರುವ ಕರೆಂಟು ನಮ್ಮೂರಿಗೆ ಹಗಲು ಯಾಕೆ ಬರುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಈ ಪ್ರಶ್ನೆಯ ಬುಡ ಇರುವುದು ನಮ್ಮ ಪಕ್ಕದಲ್ಲೇ, ದೇವರಾಯನದುರ್ಗದ ಬೆಟ್ಟದಲ್ಲಿ. ಆ ಬೆಟ್ಟಸಾಲಿನಲ್ಲಿ ಎರಡು ಹೊಳೆ ಹುಟ್ಟುತ್ತವೆ. ಒಂದು ಶಿಂಷಾ, ಇನ್ನೊಂದು ಜಯಮಂಗಲಿ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಆ ಹೊಳೆಯ ಹೆಸರಿನಲ್ಲಿ 1940ರಲ್ಲಿ ಶಿಂಷಾಪುರದಲ್ಲಿ ಜಲವಿದ್ಯುತ್ ಕೇಂದ್ರ ಎದ್ದಿತು, 17.2 ಮೆಗಾವ್ಯಾಟ್‌ನದು. ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದರ ಪಾತ್ರದಲ್ಲಿ ವರ್ಷದ ಬಹುಪಾಲು ಕಾಣುವುದು ಮರಳು, ಮರಳು ತೆಗೆದ ಗುಂಡಿ, ಜಾಲಿಯ ಪೊದೆ. ಒಂದೇ ಬೆಟ್ಟದ ಮಕ್ಕಳಲ್ಲಿ ಒಬ್ಬಳ ಹೆಸರು ವಿದ್ಯುತ್ತಿನ ಚರಿತ್ರೆಯಲ್ಲಿದೆ. ಇನ್ನೊಬ್ಬಳ ಹೆಸರು ಬರದ ವರದಿಯಲ್ಲಿದೆ.

ಇಳಿಜಾರಿಲ್ಲದ, ಮಳೆಯಿಲ್ಲದ ಸೀಮೆಯಲ್ಲಿ ಜಲವಿದ್ಯುತ್ ಹುಟ್ಟುವುದಿಲ್ಲ ಎಂಬುದು ನನಗೂ ಗೊತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಪಾವಗಡಕ್ಕೆ, ಶಿರಾಕ್ಕೆ ಸಿಗುವುದು ಐನೂರು ಚಿಲ್ಲರೆ. ಇದು ಪ್ರಕೃತಿಯ ಲೆಕ್ಕ, ಅದರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲಿ ಹುಟ್ಟಿದ ಕರೆಂಟು ಎಲ್ಲಿಗೆ ಹೋಗಬೇಕು, ಯಾರಿಗೆ ಮೊದಲು, ಯಾರಿಗೆ ಕೊನೆಗೆ, ಕಡಿಮೆ ಬಿದ್ದಾಗ ಯಾರದು ಕತ್ತರಿಸಬೇಕು ಎಂಬುದನ್ನು ಮಳೆ ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವವರು ಮನುಷ್ಯರು, ಕಚೇರಿಗಳಲ್ಲಿ ಕೂತವರು. ನನ್ನ ಜಗಳ ಅವರೊಂದಿಗೆ.

ಈ ತೀರ್ಮಾನಕ್ಕೆ ನೂರಿಪ್ಪತ್ತು ವರ್ಷ ದಾಟಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಚಕ್ರ ತಿರುಗಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕನಸು, ಎಂಜಿನಿಯರ್ ಲಾಟ್ಬಿನಿಯರ್ ಅವರ ಕೆಲಸ. ಮೊದಲ ತಂತಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು, ಬ್ರಿಟಿಷ್ ಕಂಪನಿಯ ಗಣಿಗೆ. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ಆ ಕಾಲಕ್ಕೆ ಇದು ಏಷ್ಯಾವೇ ಬೆರಗಾಗುವಂಥ ಸಾಹಸ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ತಂತಿ ಯಾರ ಹೊಲದ ಮೇಲೆ ಹಾದು ಹೋಯಿತೋ ಅವರ ಮನೆಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ನಾಡಿನ ಮೊದಲ ತಂತಿ ಹಳ್ಳಿಯ ನೆತ್ತಿಯ ಮೇಲಿಂದ ಹಾರಿ ಚಿನ್ನದ ಕಡೆ ನಡೆದಾಗಲೇ ಮುಂದಿನ ತಂತಿಗಳಿಗೆಲ್ಲ ದಾರಿ ಗೀಚಿಯಾಗಿತ್ತು.

1948ರಲ್ಲಿ ಜೋಗದ ಕೇಂದ್ರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ವಿದ್ಯುದಾಗಾರ ಬಂತು. ಹತ್ತು ಯಂತ್ರ, 1,035 ಮೆಗಾವ್ಯಾಟ್. ಆಮೇಲೆ ಕಾಳಿಯ ಮೇಲೆ ನಾಗಝರಿ, ಕದ್ರಾ, ಕೊಡಸಳ್ಳಿ, ಬೇರೆ ಕಡೆ ವಾರಾಹಿ, ಗೇರುಸೊಪ್ಪ, ಕೃಷ್ಣೆಯ ಮೇಲೆ ಆಲಮಟ್ಟಿ. ರಾಜ್ಯದ ವಿದ್ಯುತ್ ನಿಗಮದ ಜಲವಿದ್ಯುತ್ ಸಾಮರ್ಥ್ಯ 3,600 ಮೆಗಾವ್ಯಾಟ್ ದಾಟಿತು. ಕರ್ನಾಟಕದ ಕೈಗಾರಿಕೆ ಕಾಲೂರಿದ್ದು ಈ ಅಗ್ಗದ ಕರೆಂಟಿನ ಮೇಲೆ. ಅದನ್ನು ಅಗ್ಗ ಮಾಡಿದ್ದು ಯಂತ್ರವೊಂದೇ ಅಲ್ಲ. ಸಾಗರ, ಹೊಸನಗರ ಸೀಮೆಯ ಸಾವಿರಾರು ಕುಟುಂಬಗಳು ಗದ್ದೆ, ತೋಟ, ಮನೆ, ಹಿರಿಯರ ಸಮಾಧಿಗಳನ್ನು ನೀರಿಗೆ ಬಿಟ್ಟು ಎದ್ದು ಹೋದದ್ದರಿಂದ ಅದು ಅಗ್ಗವಾಯಿತು. ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಕಚೇರಿ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಸಿಕ್ಕಿಬಿದ್ದ ತುಮರಿ ಭಾಗದ ಜನ ಆಸ್ಪತ್ರೆಗೂ ಲಾಂಚನ್ನೇ ಕಾಯಬೇಕಿತ್ತು. ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನಾಡಿಗೆ ಬೆಳಕು ಕೊಟ್ಟವರಿಗೆ ಒಂದು ಸೇತುವೆ ಕೊಡಲು ಅರವತ್ತು ವರ್ಷ ಹಿಡಿಯಿತು.

ಬಯಲುಸೀಮೆಯವನಾದ ನಾನು ಮಲೆನಾಡಿನವರ ಸಂಕಟವನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ನೀರಿದ್ದವರು ಸುಖಿಗಳು, ಅವರಿಂದ ಕಿತ್ತುಕೊಂಡರೆ ನಮಗೆ ಸಿಗುತ್ತದೆ ಎಂದು ನಮಗೆ ವರ್ಷವರ್ಷವೂ ಹೇಳಿಕೊಡುತ್ತಾ ಬಂದಿದ್ದಾರೆ. ನಮ್ಮ ಹೊಳೆ ಕದಿಯಲು ಬಂದವರು ಬಯಲಿನವರು ಎಂದು ಅವರಿಗೂ ಹೇಳಿಕೊಡುತ್ತಾರೆ. ಇಬ್ಬರೂ ಬೈದಾಡುತ್ತಿರುವಾಗ ತಂತಿ ನೆಟ್ಟಗೆ ನಗರಕ್ಕೆ ಹೋಗುತ್ತದೆ. ನಾ. ಡಿಸೋಜರು ಶರಾವತಿಯ ಮುಳುಗಡೆಯನ್ನು ಕಾದಂಬರಿಗಳಾಗಿಸಿ ನಾಡಿನ ಮುಂದಿಟ್ಟರು. ಅಲ್ಲಿಯದು ಮುಳುಗಡೆಯಾದರೆ ನಮ್ಮದು ಒಣಗಡೆ. ಒಂದೇ ಕೈಯ ಎರಡು ಪೆಟ್ಟು.

ಲಿಂಗನಮಕ್ಕಿ ತುಂಬದ ವರ್ಷ ಆ ಎರಡನೆಯ ಪೆಟ್ಟು ಹೇಗೆ ಬೀಳುತ್ತದೆ ಎಂಬುದನ್ನು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಎಂಬ ನಮ್ಮ ನಾಲ್ಕು ತಾಲ್ಲೂಕಿನವರು ಮೈಮೇಲೆ ಕಂಡಿದ್ದಾರೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಜಲಾಶಯಗಳು ತುಂಬಲಿಲ್ಲ, ಜಲವಿದ್ಯುತ್ ಇಳಿಯಿತು, ಮಳೆಯಿಲ್ಲದೆ ಬೇಡಿಕೆ ಏರಿತು. ಆಗ ಮೊದಲ ಕತ್ತರಿ ಬಿದ್ದದ್ದು ರೈತರ ಪಂಪ್‌ಸೆಟ್ಟಿಗೆ. ಏಳು ಗಂಟೆಯ ತ್ರೀ ಫೇಸ್ ಐದು ಗಂಟೆಗೆ ಇಳಿಯಿತು. ಬೆಳೆ ಒಣಗುವ ವರ್ಷವೇ, ನೀರು ಬೇಕಾದ ತಿಂಗಳೇ! ರೈತರು ಬೀದಿಗಿಳಿದ ಮೇಲೆ ಏಳು ಗಂಟೆಯ ಮಾತು ಮತ್ತೆ ಬಂತು. ಅಷ್ಟರಲ್ಲಿ ಎಷ್ಟು ಹೊಲದಲ್ಲಿ ಕಾಳು ಕಟ್ಟದೆ ಹೋಯಿತು ಎಂದು ಲೆಕ್ಕ ಬರೆದಿಟ್ಟವರಿಲ್ಲ.

ರೈತನೊಬ್ಬನನ್ನೇ ಕತ್ತಲಲ್ಲಿ ಇಡುವುದು ಈಗ ಸುಲಭ. ನಿರಂತರ ಜ್ಯೋತಿಯ ಹೆಸರಿನಲ್ಲಿ ಹಳ್ಳಿಯ ಮನೆಗಳ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರೆ ಮಾಡಿದರು. ಮನೆಯಲ್ಲಿ ದೀಪ ಉರಿಯುತ್ತದೆ, ಟೀವಿ ಓಡುತ್ತದೆ, ಅದು ಒಳ್ಳೆಯದೇ. ಮೊದಲು ಹಳ್ಳಿಯಿಡೀ ಕತ್ತಲಾದರೆ ಊರೆಲ್ಲ ಒಂದಾಗಿ ಸಬ್‌ಸ್ಟೇಷನ್ನಿನ ಮುಂದೆ ಕೂರುತ್ತಿತ್ತು. ಈಗ ಹೊಲದ ಕರೆಂಟು ಹೋದರೆ ಹೊಲದವನೊಬ್ಬನೇ ಹೋಗಿ ನಿಲ್ಲಬೇಕು. ತಂತಿ ಬೇರೆ ಮಾಡುವಾಗ ಕೂಗನ್ನೂ ಬೇರೆ ಮಾಡಿಬಿಟ್ಟರು.

ಇದರ ಮೇಲೆ ಒಂದು ಬೈಗುಳ ಬೇರೆ: ಪುಕ್ಕಟೆ ಕರೆಂಟು. ಹತ್ತು ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಬಿಲ್ಲು ಇಲ್ಲ, ನಿಜ. ಆದರೆ ಮಧುಗಿರಿ, ಕೊರಟಗೆರೆ, ಶಿರಾ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಸಾಲ ಮಾಡಿ ಬೋರು ಕೊರೆಸಿ, ಧೂಳು ಮಾತ್ರ ಹಾರಿದ್ದನ್ನು ನೋಡಿ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದವರನ್ನು ನಾನು ಬಲ್ಲೆ. ಮೋಟರು ಸುಟ್ಟರೆ ರೈತನದೇ ಖರ್ಚು. ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರು, ಸುಟ್ಟರೆ ಟ್ರಾಕ್ಟರ್ ಬಾಡಿಗೆ ರೈತನದು, ಕಾಯುವ ದಿನಗಳೂ ರೈತನವು, ಆ ದಿನಗಳಲ್ಲಿ ಬಾಡಿದ ಗಿಡವೂ ರೈತನದು. ರಾತ್ರಿ ಹಾವು ಕಚ್ಚಿದರೆ ಪ್ರಾಣವೂ ರೈತನದೇ. ಇಷ್ಟೆಲ್ಲ ತೆತ್ತು ಪಡೆದದ್ದನ್ನು ಪುಕ್ಕಟೆ ಎನ್ನುವ ನಾಲಿಗೆ ಒಂದು ರಾತ್ರಿ ನಮ್ಮ ಬದುವಿನ ಮೇಲೆ ನಡೆದು ಬರಲಿ.

ನೀರಿಲ್ಲದ ಪಾವಗಡದಲ್ಲಿ ಬಿಸಿಲಿದೆ ಎಂದು ಒಂದು ದಿನ ಕಂಡುಹಿಡಿದರು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಹಾಸಿದರು. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಹೂಡಿಕೆ ಸುಮಾರು 16,500 ಕೋಟಿ ರೂಪಾಯಿ. ಪಾರ್ಕಿನ ಸಾಮರ್ಥ್ಯ ಶರಾವತಿಯ ಹತ್ತು ಯಂತ್ರಗಳದ್ದರ ಹೆಚ್ಚುಕಡಿಮೆ ಎರಡರಷ್ಟು. ಜೋಗದ ಚಿತ್ರ ನೋಡಿ ಬೆಳೆದ ನಮ್ಮ ಸೀಮೆಯೇ ಈಗ ಜೋಗವಾಯಿತು.

ಇಲ್ಲಿ ಭೂಮಿಯನ್ನು ಕಸಿಯಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಕಡಲೆಕಾಯಿ ಬಿತ್ತಿ ಬೀಜವೂ ಬಾರದ ವರ್ಷಗಳನ್ನು ಕಂಡವರಿಗೆ ಅದು ನಿಶ್ಚಿತ ಹಣ. ಒಪ್ಪಿದವರನ್ನು ನಾನು ದೂರುವುದಿಲ್ಲ. ಶರಾವತಿಯಲ್ಲಿ ಮಾಡಿದ್ದಕ್ಕಿಂತ ಇದು ಮೇಲು ಎಂಬುದನ್ನೂ ಒಪ್ಪುತ್ತೇನೆ. ಆದರೆ ಸ್ಲೇಟು ಹಿಡಿದು ಒಂದು ಲೆಕ್ಕ ಮಾಡೋಣ. 13,000 ಎಕರೆಗೆ 21,000ದಂತೆ ವರ್ಷಕ್ಕೆ 27 ಕೋಟಿ 30 ಲಕ್ಷ. 2,050 ಮೆಗಾವ್ಯಾಟ್ ಪಾರ್ಕು ಸಾಮರ್ಥ್ಯದ ಕಾಲು ಭಾಗ ದುಡಿದರೂ ವರ್ಷಕ್ಕೆ ಸುಮಾರು 450 ಕೋಟಿ ಯೂನಿಟ್ ಆಗುತ್ತದೆ. ಭಾಗಿಸಿದರೆ ಯೂನಿಟ್ಟಿಗೆ ಆರು ಪೈಸೆ. ನೆಲ ಕೊಟ್ಟವನ ಪಾಲು ಆರು ಪೈಸೆ! ಎರಡು ವರ್ಷಕ್ಕೊಮ್ಮೆಯ ಏರಿಕೆ ಸೇರಿಸಿಕೊಂಡರೂ ಇವತ್ತಿಗೆ ಏಳೆಂಟು ಪೈಸೆಯ ಆಸುಪಾಸು.

ಇದು ಪಹಣಿಯಲ್ಲಿ ಹೆಸರಿದ್ದವನ ಕತೆ. ಹೆಸರಿಲ್ಲದವರಿಗೆ ಆ ಆರು ಪೈಸೆಯೂ ಇಲ್ಲ. ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಹೆಂಗಸರ ಕೂಲಿ ಬೇಲಿಯೊಳಗೆ ಸೇರಿಹೋಯಿತು. ತಲೆಮಾರುಗಳಿಂದ ಉಳುತ್ತಿದ್ದರೂ ಕಾಗದ ಆಗದ ದಲಿತರ ತುಂಡು ನೆಲಕ್ಕೆ ಗುತ್ತಿಗೆ ಬರೆಯುವವರು ಯಾರು? ಕುರಿ ಮೇಯುತ್ತಿದ್ದ ಬೀಳುಗಳಿಗೆ ತಂತಿಬೇಲಿ ಬಿತ್ತು. ಕುರಿ ಮಾರಿದವರ ಮಕ್ಕಳು ಪಾರ್ಕಿನಲ್ಲಿ ಹುಲ್ಲು ಕೊಯ್ಯುವ, ಗಾಜು ಒರೆಸುವ, ಗೇಟು ಕಾಯುವ ಕೆಲಸಕ್ಕೆ ನಿಂತರು. ಮಿಕ್ಕವರು ಬೆಂಗಳೂರಿನ ಗಾರೆ ಕೆಲಸಕ್ಕೆ ಬಸ್ಸು ಹತ್ತಿದರು. ಮಲೆನಾಡಿನಲ್ಲಿ ಊರು ನೀರಿನಡಿ ಮುಳುಗಿತು. ಪಾವಗಡದಲ್ಲಿ ಹೊಲ ಗಾಜಿನಡಿ ಮುಳುಗಿತು.

ಈಗ ಈ ಎರಡು ಮುಳುಗಡೆಗಳಿಗೂ ಗಂಟು ಹಾಕುವ ಕೆಲಸ ನಡೆದಿದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. 250 ಮೆಗಾವ್ಯಾಟ್‌ನ ಎಂಟು ಯಂತ್ರಗಳು. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ. ಹಗಲು ಹೆಚ್ಚಾದ ಕರೆಂಟಿನಿಂದ ಕೆಳಗಿನ ನೀರನ್ನು ಮೇಲಕ್ಕೆತ್ತುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಬಿಟ್ಟು ಕರೆಂಟು ಮಾಡುವುದು. ನಾಲ್ಕು ಯೂನಿಟ್ ಸುರಿದರೆ ಮೂರು, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ ತಿರುಗಿ ಬರುತ್ತದೆ. ಸುರಂಗ ಕೊರೆಯಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಒಮ್ಮೆ ಎದ್ದು ಹೋದವರ ಮಕ್ಕಳು ಮತ್ತೊಮ್ಮೆ ಏಳಬೇಕೇ ಎಂದು ಆ ಕಣಿವೆಯ ಜನ ಹೋರಾಟಕ್ಕೆ ಇಳಿದಿದ್ದಾರೆ.

ಹಗಲು ಹೆಚ್ಚಾಗುವ ಆ ಕರೆಂಟು ಯಾವುದು? ಪಾವಗಡದಂಥ ಸೀಮೆಗಳ ಬಿಸಿಲಿನದು. ನಮ್ಮ ಬಿಸಿಲು ಅವರ ಹೊಳೆಯನ್ನು ಬೆಟ್ಟ ಹತ್ತಿಸಬೇಕು, ಅವರ ಹೊಳೆ ಸಂಜೆ ಇಳಿದು ನಗರದ ಎಸಿಗಳನ್ನು ತಂಪಾಗಿಡಬೇಕು. ಹಗಲಿನ ಕರೆಂಟು ಹೆಚ್ಚಾಗಿದೆ ಎನ್ನುವುದಾದರೆ ಮೊದಲು ನಮ್ಮ ರೈತನ ಮೋಟರಿಗೆ ಹಗಲು ಪೂರ್ತಿ ಕೊಡಿ. ಈಗ ಹಗಲೂ ಕೊಡುತ್ತೇವೆ ಎನ್ನುತ್ತಾರೆ. ಪಾಳಿಯ ಮೇಲೆ, ತುಂಡು ತುಂಡಾಗಿ. ಪಾಳಿ ರಾತ್ರಿಗೆ ಬಿದ್ದವನ ಹೆಂಡತಿ ನಮ್ಮವ್ವನ ಹಾಗೆಯೇ ಬಾಗಿಲಲ್ಲಿ ಕೂರಬೇಕು. ಸೂರ್ಯ ನೆತ್ತಿಯ ಮೇಲಿರುವಾಗ, ತಾಲ್ಲೂಕಿನ ತುಂಬ ಗಾಜು ಕಾಯುತ್ತಿರುವಾಗ, ರೈತ ರಾತ್ರಿ ಬ್ಯಾಟರಿ ಹಿಡಿದು ಹೋಗಬೇಕಾದರೆ ಅದನ್ನು ವ್ಯವಸ್ಥೆ ಅನ್ನುವುದಿಲ್ಲ. ಅದು ಪಾತಕ.

ಕರೆಂಟಿನ ಕತೆ ಹೀಗಾದರೆ ನೀರಿನ ಕತೆ ಅದರ ತಮ್ಮ. ನಮಗೆ ಬರುವ ನೀರೆಲ್ಲ ಈಗ ಕರೆಂಟಿನ ಹೆಗಲೇರಿ ಬರಬೇಕು. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ಮಾಡಿದರು. ಸಕಲೇಶಪುರದ ಘಟ್ಟದಿಂದ 24 ಟಿಎಂಸಿ ನೀರು ಎಂದರು. 8,323 ಕೋಟಿಯ ಅಂದಾಜು 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರಿನಲ್ಲಿ ಘಟ್ಟದ ಮೇಲೆ ಪಂಪು ಚಾಲೂ ಆಯಿತು. ನಮ್ಮ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಜಲಾಶಯ ಕಟ್ಟುತ್ತೇವೆಂದವರು ಪಕ್ಕದ ದೊಡ್ಡಬಳ್ಳಾಪುರಕ್ಕೊಂದು, ಕೊರಟಗೆರೆಗೊಂದು ಪರಿಹಾರದ ದರ ಎಂಬ ತಕರಾರಿನಲ್ಲಿ ವರ್ಷಗಳನ್ನು ಕಳೆದರು. ಶಿರಾ ಸೀಮೆಗೆ ಭದ್ರಾ ಮೇಲ್ದಂಡೆ ಯೋಜನೆ. ಅದಕ್ಕೆ 5,300 ಕೋಟಿ ಎಂದು 2023ರ ಕೇಂದ್ರ ಬಜೆಟ್ಟಿನಲ್ಲಿ ಓದಿದರು. ಓದಿದ್ದು ಕಿವಿಗೆ ಬಿತ್ತು, ನೀರು ಕಾಲುವೆಗೆ ಬೀಳಲಿಲ್ಲ. ಶಿರಾದ ಮದಲೂರು ಕೆರೆಗೆ ಹೇಮಾವತಿ ಹರಿಸುವ ಮಾತು 2020ರ ಉಪಚುನಾವಣೆಯಲ್ಲಿ ವೋಟಿನ ಸರಕಾಯಿತು. ಪಾವಗಡಕ್ಕೆ ತುಂಗಭದ್ರೆಯ ಹಿನ್ನೀರು ತರುವುದಕ್ಕೆ 2,000 ಕೋಟಿಗೂ ಮೀರಿದ ಯೋಜನೆ. ಆ ಜನ ಫ್ಲೋರೈಡ್ ನೀರು ಕುಡಿದು ಹಲ್ಲು ಕರೆಗಟ್ಟಿಸಿಕೊಂಡ, ಮಂಡಿ ಹಿಡಿಸಿಕೊಂಡ ಎಷ್ಟೋ ವರ್ಷಗಳ ನಂತರ.

ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಐದು ರೂಪಾಯಿ ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತದೆ. ಕರೆಂಟು ಹೋದರೆ ಕ್ಯಾನುಗಳ ಸಾಲು ನಿಂತಲ್ಲೇ ನಿಲ್ಲುತ್ತದೆ. ಅಲ್ಲಿ ಅವ್ವನೂ ನಿಂತಿರುತ್ತಾಳೆ. ಅಂದು ಹೊಲಕ್ಕೆ ಹೋದ ಗಂಡನಿಗಾಗಿ ಕರೆಂಟಿನ ದಾರಿ ನೋಡಿದವಳು ಇಂದು ಒಂದು ಕ್ಯಾನು ನೀರಿಗಾಗಿ ಅದೇ ಕರೆಂಟಿನ ದಾರಿ ನೋಡುತ್ತಾಳೆ. ಬಾವಿಗೆ ಹಗ್ಗ ಇಳಿಸಿ ಸೇದಿ ಕುಡಿದ ಕೈ ಅದು. ಕೆರೆಗಳನ್ನು ಕಾಯದೆ, ಹೂಳು ತೆಗೆಯದೆ, ರಾಜಕಾಲುವೆ ಒತ್ತುವರಿ ಬಿಡಿಸದೆ ನಮ್ಮ ನೀರನ್ನು ನಮ್ಮ ಕಾಲಡಿಯಲ್ಲೇ ಸಾಯಲು ಬಿಟ್ಟು, ಆಮೇಲೆ ಇನ್ನೂರು ಮೈಲಿಯಾಚೆಯ ನೀರಿನ ಆಸೆ ತೋರಿಸಿದವರೇ ಇದಕ್ಕೆ ಉತ್ತರ ಹೇಳಬೇಕು.

ಕೇಳುವ ಹಕ್ಕು ನಮಗೆಲ್ಲಿದೆ ಎನ್ನುವವರಿಗೆ ಅವರದೇ ನೀತಿಯನ್ನು ತೋರಿಸುತ್ತೇನೆ. 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿಯ ಪ್ರಕಾರ ಹೊಳೆ ಕೊಟ್ಟ ರಾಜ್ಯಕ್ಕೆ ಶೇ 12ರಷ್ಟು ವಿದ್ಯುತ್ ಉಚಿತ. ಅದರ ಮೇಲೆ ಶೇ 1ರಷ್ಟು ಸ್ಥಳೀಯ ಅಭಿವೃದ್ಧಿಗೆ. ಯೋಜನೆಯಿಂದ ಸಂತ್ರಸ್ತವಾದ ಪ್ರತಿ ಕುಟುಂಬಕ್ಕೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್. ಹೊಳೆಗೆ ಬೆಲೆ ಕಟ್ಟಲು ಬಂದವರಿಗೆ ಬಿಸಿಲಿಗೆ, ಬಿಸಿಲು ಬೀಳುವ ನೆಲಕ್ಕೆ ಬೆಲೆ ಕಟ್ಟಲು ಬರುವುದಿಲ್ಲವೇ? ಯೂನಿಟ್ಟಿಗೆ ಮೂರೇ ರೂಪಾಯಿ ಎಂದಿಟ್ಟರೂ ಶೇ 12 ಎಂದರೆ 36 ಪೈಸೆ. ಪಾವಗಡದ ಕೈಗೆ ಹಾಕಿದ್ದು ಆರು. ಶರಾವತಿಯವರು ಆ ನೀತಿ ಹುಟ್ಟುವುದಕ್ಕೆ ಮೊದಲೇ ಮುಳುಗಿದವರು, ಅವರ ಕೈಗೆ ಅದೂ ಇಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ನೆಲದಿಂದಾಗಲಿ ಹೊಳೆಯಿಂದಾಗಲಿ ವಿದ್ಯುತ್ ಹುಟ್ಟುವ ಗ್ರಾಮ ಪಂಚಾಯಿತಿಗೆ ಪ್ರತಿ ಯೂನಿಟ್ಟಿನಲ್ಲಿ ಪಾಲು ಬರಲಿ, ಅದು ಪಹಣಿ ಇಲ್ಲದ ಕೂಲಿಯವರಿಗೂ ಕುರಿಯವರಿಗೂ ಸಲ್ಲಲಿ. ನಾಲ್ಕು ತಾಲ್ಲೂಕುಗಳ ಪಂಪ್‌ಸೆಟ್ಟಿಗೆ ಹಗಲು ಮಾತ್ರ, ಹಗಲು ಪೂರ್ತಿ ಕರೆಂಟು ಕೊಡಿ, ಒಬ್ಬ ರೈತನೂ ರಾತ್ರಿ ಹೊಲಕ್ಕೆ ಹೋಗದಿರಲಿ. ಜಲಾಶಯ ತುಂಬದ ವರ್ಷ ಮೊದಲ ಕತ್ತರಿ ಹೊಳೆಯುವ ಜಾಹೀರಾತು ಫಲಕಗಳಿಗೆ, ಮಾಲ್‌ಗಳಿಗೆ ಬೀಳಲಿ, ಕೊನೆಯ ಕತ್ತರಿ ಹೊಲಕ್ಕೆ. ಜಯಮಂಗಲಿಯ ಮರಳು ಉಳಿಯಲಿ, ಕೆರೆಗಳ ಹೂಳು ಹೋಗಲಿ. ಶರಾವತಿ ಕಣಿವೆಯನ್ನು ಮತ್ತೊಮ್ಮೆ ಕೊರೆಯುವ ಮೊದಲು ಮುಳುಗಿದವರ ಹಕ್ಕುಪತ್ರ ಅವರ ಕೈಗೆ ಸಿಗಲಿ.

ನಮ್ಮ ಸೀಮೆಯಲ್ಲಿ ಹಿಂದೆ ರಾಶಿ ಕಣ ಬಿಡುವ ಮೊದಲು ಆಯ ಅಳೆಯುತ್ತಿದ್ದರು. ಕಮ್ಮಾರನಿಗೆ, ಬಡಗಿಗೆ, ಅಗಸನಿಗೆ, ತೋಟಿಗೆ, ತಳವಾರನಿಗೆ, ಕೆರೆಯ ತೂಬು ಕಾದು ಗದ್ದೆಗೆ ನೀರು ಹಾಯಿಸಿದ ನೀರಗಂಟಿಗೆ. ಆ ಪದ್ಧತಿಯಲ್ಲಿ ಜಾತಿಯ ಕ್ರೌರ್ಯವಿತ್ತು. ಹೊಲ ಉಳ್ಳವನು ಮೇಲೆ ನಿಂತು ಅಳೆಯುತ್ತಿದ್ದ, ನೀರು ಕೊಟ್ಟವನು ಕೆಳಗೆ ನಿಂತು ಸೆರಗೊಡ್ಡಬೇಕಿತ್ತು. ಅದು ಮತ್ತೆ ಬರುವುದು ಬೇಡ. ಆದರೆ ಅಷ್ಟು ಕ್ರೂರವಾದ ಪದ್ಧತಿಗೂ ಒಂದು ಮಾತು ಗೊತ್ತಿತ್ತು. ನೀರಗಂಟಿಯ ಪಾಲು ಅಳೆಯದೆ ರಾಶಿಯನ್ನು ಮನೆಗೆ ಸಾಗಿಸಬಾರದು.

ಈ ನಾಡು ಶಿವನಸಮುದ್ರದಿಂದ ಪಾವಗಡದ ತನಕ ನೂರಿಪ್ಪತ್ತು ವರ್ಷಗಳಿಂದ ಬೆಳಕಿನ ರಾಶಿಯನ್ನು ಹೊತ್ತು ಸಾಗಿಸುತ್ತಲೇ ಇದೆ. ಆಯ ಅಳೆದೇ ಇಲ್ಲ. ಇನ್ನು ಮುಂದೆ ನಾವು ಕಣದ ಬಾಯಲ್ಲಿ ನಿಂತಿರುತ್ತೇವೆ, ಸೆರಗೊಡ್ಡಿ ಅಲ್ಲ, ನಮ್ಮದೇ ಕೊಳಗ ಹಿಡಿದು. ಮಲೆನಾಡಿನವರೂ ನಮ್ಮ ಪಕ್ಕದಲ್ಲಿ ನಿಂತಿರುತ್ತಾರೆ. ಅಳೆಯದೆ ರಾಶಿ ಕದಲುವುದಿಲ್ಲ.